ಮರದ ಮನೆಗೆ ವಾಟ

ಅನಂತಪದ್ಮನಾಭರಾಯರು ಮೂವತ್ತೆರಡು ವರ್ಷ ಸರ್ಕಾರಕ್ಕಾಗಿ ಮಳೆ ಅಳೆದವರು. ಹಿತ್ತಾಳೆಯ ಆಲಿಕೆ, ಗಾಜಿನ ಜಾಡಿ, ನೀಲಿ ಗೆರೆಯ ರಿಜಿಸ್ಟರು, ಇಷ್ಟರಲ್ಲೇ ಅವರ ನೌಕರಿ ಕಳೆದುಹೋಗಿತ್ತು. ಬೆಂಗಳೂರಿನಲ್ಲಿ ಯಾವ ವರ್ಷ ಯಾವ ತಿಂಗಳು ಎಷ್ಟು ಇಂಚು, ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಎಷ್ಟು ಸೆಂಟು ಬಿತ್ತು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುವಷ್ಟು ಅವರಿಗೆ ಬಾಯಿಪಾಠ. ಯಾರೂ ಕೇಳುತ್ತಿರಲಿಲ್ಲ ಎಂಬುದು ಬೇರೆ ಮಾತು.

ರಿಟೈರಾದ ಮೇಲೆ ರಾಯರು ಜಯನಗರದ ಮೂರನೇ ಬ್ಲಾಕಿನಲ್ಲಿ ಮನೆ ಕಟ್ಟಿಸಿಕೊಂಡರು. ಮನೆ ಕಟ್ಟಿದ ಮರುವರ್ಷ, ಅಂದರೆ ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಹಿತ್ತಲಿನ ಬಾವಿಗೂ ಕರಿಬೇವಿನ ಗಿಡಕ್ಕೂ ನಡುವೆ ಹತ್ತಡಿ ಉದ್ದ ಎಂಟಡಿ ಅಗಲದ ಒಂದು ಮರದ ಮನೆಯನ್ನೂ ಎಬ್ಬಿಸಿದರು. ಬೀದಿಯವರು ಅದನ್ನು ಕೋಳಿಗೂಡು ಎಂದುಕೊಂಡು, ಬ್ರಾಹ್ಮಣರ ಹಿತ್ತಲಲ್ಲಿ ಇದೇನಪ್ಪಾ ಎಂದು ನಾಲ್ಕು ದಿನ ತಲೆ ಕೆಡಿಸಿಕೊಂಡಿದ್ದರು. ರಾಯರು ಅದಕ್ಕೆ ಇಟ್ಟ ಹೆಸರು ಕುಟೀರ.

ಕುಟೀರ ಬೇಕಾದದ್ದು ಗಾಳಿಗಲ್ಲ, ತಂಪಿಗಲ್ಲ. ರಾಯರ ಹೆಂಡತಿ ಸೀತಾಲಕ್ಷ್ಮಿಯವರ ಮಡಿಗೆ ಹೆದರಿ. ಆ ಮನೆಯಲ್ಲಿ ಯಾವ ಹಲಗೆಯ ಮೇಲೆ ಯಾರು ಕೂರಬೇಕು, ಯಾವ ಬಾಗಿಲಿಂದ ಯಾರು ಬರಬೇಕು, ಯಾವ ಬಟ್ಟೆಯಲ್ಲಿ ಯಾವ ಪಾತ್ರೆ ಮುಟ್ಟಬೇಕು ಎಂಬುದಕ್ಕೆಲ್ಲ ಕಾನೂನಿತ್ತು. ಸ್ನೇಹಿತರು ಬಂದರೆ ಜಗಲಿಯವರೆಗೆ. ಕಾಫಿ ಬಂದರೆ ಕಿಟಕಿಯಿಂದ. ಮೂವತ್ತೆರಡು ವರ್ಷ ಆಫೀಸಿನಲ್ಲಿ ಹತ್ತು ಜಾತಿಯವರ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಬಂದ ಮನುಷ್ಯನಿಗೆ ಇದು ಉಸಿರು ಕಟ್ಟಿಸುತ್ತಿತ್ತು. ಬದುಕಿನಲ್ಲಿ ಒಂದು ಜಾಗವಾದರೂ ತನ್ನದಾಗಿರಬೇಕು, ಅಲ್ಲಿ ಮನುಷ್ಯರು ಮನುಷ್ಯರ ಹಾಗೆ ಕೂತು ಮಾತಾಡಬೇಕು ಎಂಬುದು ಅವರ ಆಸೆ. ಆಸೆಯೇನೋ ನಿಜವಾದದ್ದೇ, ಅದರಲ್ಲಿ ಸುಳ್ಳಿರಲಿಲ್ಲ.

ಕಟ್ಟಿದವನು ಯಡಿಯೂರಿನ ಬೋರಣ್ಣ, ದೊಡ್ಡ ಮನೆಯ ಮರಗೆಲಸ ಮಾಡಿದವನೂ ಅವನೇ. ಹುಟ್ಟಿನಿಂದ ಬಡಗಿಯಲ್ಲ. ಬಡಾವಣೆಗೆ ರಾಗಿ ಹೊಲ ಹೋದ ಮೇಲೆ ನೇಗಿಲು ಬಿಟ್ಟು ಉಳಿ ಹಿಡಿದವನು. ಕೈಯಲ್ಲಿ ಕಸುಬು ಕೂತಿತ್ತು, ಬಾಯಲ್ಲಿ ಮಾತು ಕಡಿಮೆ. ಕಲ್ಲಿನ ಗುಂಡುಗಳ ಮೇಲೆ ತೊಲೆ ಕೂರಿಸಿ, ಹಲಸಿನ ಹಲಗೆ ಹೊಡೆದು, ಮೇಲೆ ಮಂಗಳೂರು ಹೆಂಚು ಹೊದಿಸಿದ. ನೆಲದ ಹಲಗೆ ಹೊಡೆಯುವ ದಿನ ಮಾತ್ರ ಒಂದು ಸಲಹೆ ಕೊಟ್ಟ. ನೆಲವನ್ನು ಮಟ್ಟವಾಗಿ ಮಾಡುವುದು ಬೇಡ, ಬಾಗಿಲ ಕಡೆಗೆ ಒಂದಿಷ್ಟು ಇಳಿಜಾರು ಇರಲಿ, ಹಲಗೆ ಹಲಗೆಯ ನಡುವೆ ಒಂದು ಬತ್ತದ ಕಾಳಿನಷ್ಟು ಸಂದು ಇರಲಿ ಎಂದ.

"ವಾಟ ಕೊಟ್ಬುಡ್ತೀನಿ ಸ್ವಾಮಿ," ಎಂದ. "ನೀರು ನಿಲ್ಲಾಕಿಲ್ಲ."

ರಾಯರಿಗೆ ನಗು ಬಂತು. ಮಳೆ ಬೀಳುವುದು ಸೂರಿನ ಮೇಲೋ, ನೆಲದ ಮೇಲೋ ಎಂದು ಕೇಳಿದರು. ಮನೆಯ ಒಳಗೆ ಮಳೆ ಬರುತ್ತದೇನಯ್ಯಾ ಎಂದರು. ನೈಋತ್ಯದ ಮಾರುತ, ಈಶಾನ್ಯದ ಮಾರುತ, ಗಾಳಿಯ ವೇಗ, ಹನಿಯ ಓರೆ, ಎಲ್ಲವನ್ನೂ ಅರ್ಧ ಗಂಟೆ ವಿವರಿಸಿದರು. ಬೋರಣ್ಣ ಕಿವಿಯ ಮೇಲಿನ ಪೆನ್ಸಿಲು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡ. ನೆಲವನ್ನು ಕನ್ನಡಿಯಷ್ಟು ಮಟ್ಟವಾಗಿ, ಕೂದಲು ತೂರದಷ್ಟು ಬಿಗಿಯಾಗಿ ಹೊಡೆದುಕೊಟ್ಟು ಹೋದ.

ಪ್ರವೇಶದ ದಿನ ರಾಯರು ಒಂದು ಚಿಕ್ಕ ಭಾಷಣ ಮಾಡಿದರು. ಈ ಹೊಸ್ತಿಲೊಳಗೆ ಮಡಿಯಿಲ್ಲ, ಮೈಲಿಗೆಯಿಲ್ಲ, ಯಾರು ಬೇಕಾದರೂ ಬರಬಹುದು, ಎಲ್ಲಿ ಬೇಕಾದರೂ ಕೂರಬಹುದು ಎಂದರು. ಕೇಳಿಸಿಕೊಂಡವರು ಇಬ್ಬರು. ಒಬ್ಬರು ಎದುರುಮನೆಯ ಏಕಾಂತಯ್ಯನವರು, ರಿಟೈರಾದ ಅಮಲ್ದಾರರು, ಲಿಂಗಾಯತರು. ಇನ್ನೊಬ್ಬ ಬೋರಣ್ಣ. ಅಡುಗೆಮನೆಯ ಹಿಂಬಾಗಿಲಲ್ಲಿ ಸೀತಾಲಕ್ಷ್ಮಿಯವರೂ ನಿಂತು ಕೇಳಿದರು. ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು.

ಅಂದಿನಿಂದ ಸಂಜೆ ನಾಲ್ಕು ಗಂಟೆಗೆ ಕುಟೀರದ ಸಭೆ. ರಾಯರಿಗೂ ಏಕಾಂತಯ್ಯನವರಿಗೂ ಬೆತ್ತದ ಕುರ್ಚಿ. ಬೋರಣ್ಣನಿಗೂ ಒಂದು ಕುರ್ಚಿ ಹಾಕಿಸಿದ್ದರು, ಆದರೆ ಅವನು ಬಾಗಿಲ ಪಕ್ಕ ನೆಲದ ಮೇಲೇ ಕೂರುತ್ತಿದ್ದ. ಏಕಾಂತಯ್ಯನವರು ರಾಜಕೀಯ ಹೇಳುವರು, ರಾಯರು ಮಳೆ ಹೇಳುವರು. ಬೋರಣ್ಣ ಆ ಮಳೆಗೆ ಭರಣಿ, ರೋಹಿಣಿ, ಚಿತ್ತೆ ಎಂದು ತನ್ನ ಹೆಸರುಗಳನ್ನು ಸೇರಿಸುವನು. ಕುಟೀರದೊಳಗೆ ರಾಯರು ಬೋರಣ್ಣನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಹೊಸ್ತಿಲು ದಾಟಿ ಹಿತ್ತಲಿಗೆ ಬಂದ ಕೂಡಲೇ ಅದು ಏಕವಚನಕ್ಕೆ ಇಳಿಯುತ್ತಿತ್ತು, ಅದು ಅವರ ಗಮನಕ್ಕೇ ಬಂದಿರಲಿಲ್ಲ. ಬೋರಣ್ಣನ ಕಾಫಿಗೆ ಒಂದು ಗಾಜಿನ ಲೋಟವಿತ್ತು. ಅದು ಕುಟೀರದ ಕಿಟಕಿಯ ಹೊರಗಿನ ಪಟ್ಟಿಯ ಮೇಲೆ ಬೋರಲಾಗಿ ಇರುತ್ತಿತ್ತು. ಗಾಜು ಆರೋಗ್ಯಕ್ಕೆ ಒಳ್ಳೆಯದು ಎಂದು ರಾಯರು ಅವನಿಗೆ ಹೇಳಿಯೂ ಇದ್ದರು.

ಆಗಸ್ಟ್ ಹೊತ್ತಿಗೆ ನೆಲದ ಹಲಗೆ ಕಪ್ಪಿಟ್ಟಿತು. ರಾಯರು ಮೂಗಿಗೆ ವಾಸನೆ ತಗಲಿದ ನಾಯಿಯ ಹಾಗೆ ಕುಟೀರವನ್ನು ಸುತ್ತಿದರು. ಪಡುವಣ ಗೋಡೆಗೆ ಡಾಂಬರು ಬಳಿಸಿದರು. ಸಾಲದೆಂದು ಅದರ ಮೇಲೆ ಸತುವಿನ ತಗಡು ಹೊಡೆಸಿದರು. ಸೂರನ್ನು ಒಂದಡಿ ಮುಂದಕ್ಕೆ ಚಾಚಿಸಿದರು. ಸುತ್ತ ಒಂದು ಮೊಳ ಆಳದ ಚರಂಡಿ ತೋಡಿಸಿ, ಅದಕ್ಕೆ ಜಲ್ಲಿ ತುಂಬಿಸಿದರು. ಮಳೆ ನಿಂತ ಕೂಡಲೇ ಛತ್ರಿ ಹಿಡಿದು ಸೂರಿನ ಕೆಳಗೆ ನಿಂತು, ತೊಟ್ಟಿಕ್ಕುವ ಹನಿ ಗೋಡೆಯಿಂದ ಎಷ್ಟು ಅಂಗುಲ ದೂರ ಬೀಳುತ್ತದೆ ಎಂದು ಅಳೆದು ಬರೆದಿಟ್ಟರು. ದೇವಸ್ಥಾನದ ಗರ್ಭಗುಡಿಗೂ ಅಷ್ಟು ಉಪಚಾರ ನಡೆದಿರಲಾರದು. ನೆಲ ಮಾತ್ರ ಇನ್ನಷ್ಟು ಕಪ್ಪಾಯಿತು. ಹಲಗೆಯ ಗೆರೆಗಳಲ್ಲಿ ತೆಳ್ಳಗೆ ಹಸಿರು ಕಾಣಿಸಿಕೊಂಡಿತು. ರಾಯರು ಭೂತಗನ್ನಡಿ ಹಿಡಿದು ನೋಡಿ, ಇದು ಪಾಚಿ ಎಂದು ತೀರ್ಮಾನಿಸಿ, ಅದರ ಲ್ಯಾಟಿನ್ ಹೆಸರನ್ನೂ ಹುಡುಕಿದರು.

ಪ್ರತಿ ಸಲವೂ ಬೋರಣ್ಣನಿಗೆ ಕರೆ ಹೋಗುತ್ತಿತ್ತು. ಅವನು ಹೆಂಚು ತೆಗೆದು ನೋಡುವನು, ತೊಲೆ ತಟ್ಟಿ ನೋಡುವನು, ಹಲಗೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತಿರುವನು. ಮೇಲೆ ಎಲ್ಲೂ ಸೋರುತ್ತಿಲ್ಲ ಸ್ವಾಮಿ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಈ ಮೌನ ರಾಯರ ಕಣ್ಣಿಗೆ ಅಪರಾಧಿಯ ಮೌನವಾಗಿ ಕಂಡಿತು. ಮರ ಹಸಿಯಿದ್ದಾಗಲೇ ಕೊಯ್ದಿರಬೇಕು, ಹೊಲ ಉಳುವವನ ಕೈಗೆ ಉಳಿ ಕೊಟ್ಟರೆ ಇನ್ನೇನಾಗುತ್ತದೆ ಎಂದು ಒಂದು ಸಂಜೆ, ಬೋರಣ್ಣ ಇಲ್ಲದಾಗ, ಏಕಾಂತಯ್ಯನವರ ಮುಂದೆ ಅಂದುಬಿಟ್ಟರು. ಏಕಾಂತಯ್ಯನವರ ಮಗ ರಾಮಪ್ರಸಾದ ಅದೇ ಬೀದಿಯ ತುದಿಯಲ್ಲಿ ಮನೆ ಕಟ್ಟಿಸುತ್ತಿದ್ದ. ಅದರ ಬಾಗಿಲು, ಕಿಟಕಿ, ಬೀರು ಎಲ್ಲ ಬೋರಣ್ಣನಿಗೇ ಎಂದು ಮಾತಾಗಿತ್ತು. ಮುಂದಿನ ವಾರ ಆ ಕೆಲಸಕ್ಕೆ ವಿಲ್ಸನ್ ಗಾರ್ಡನ್ನಿನಿಂದ ಬೇರೆ ಬಡಗಿ ಬಂದ. ಬೋರಣ್ಣ ಆ ಮನೆಯ ಮುಂದೆಯೇ ಹಾದು ರಾಯರ ಹಿತ್ತಲಿಗೆ ಬಂದು, ಎಂದಿನ ಹಾಗೆ ಬಾಗಿಲ ಪಕ್ಕ ಕೂತು, ಗಾಜಿನ ಲೋಟದಲ್ಲಿ ಕಾಫಿ ಕುಡಿದು ಹೋದ. ರಾಯರಿಗೆ ಆ ದಿನ ಅವನ ಮುಖ ನೋಡಲು ಸ್ವಲ್ಪ ಕಷ್ಟವಾಯಿತು.

ಹಿಂಗಾರು ಮುಗಿದು ಜನವರಿ ಬಂತು. ಆಕಾಶದಲ್ಲಿ ಒಂದು ಮೋಡವಿಲ್ಲ. ಹಿತ್ತಲಿನ ಮಣ್ಣು ಬಿರುಕು ಬಿಟ್ಟಿತು. ಕುಟೀರದ ನೆಲ ಮಾತ್ರ ಹಸಿ ಹಸಿ. ಇದು ಮಳೆಯಲ್ಲ, ಮರವೇ ಬೆವರುತ್ತಿದೆ ಎಂಬ ಹೊಸ ಸಿದ್ಧಾಂತ ರಾಯರಿಗೆ ಹೊಳೆಯಿತು. ಟ್ರಂಕಿನಿಂದ ತಮ್ಮ ಹಳೆಯ ಹಿತ್ತಾಳೆಯ ಮಳೆಮಾಪಕವನ್ನು ತೆಗೆದರು. ಕುಟೀರದ ನಡುನೆಲದಲ್ಲಿ ಒಂದು ತೂತು ಕೊರೆದು, ಆಲಿಕೆಯ ಅಂಚು ಹಲಗೆಯ ಮಟ್ಟಕ್ಕೆ ಬರುವಂತೆ ಅದನ್ನು ಹೂತರು. ಸೂರಿನ ಕೆಳಗೆ, ನೆತ್ತಿಯ ಮೇಲೆ ಹೆಂಚಿರುವ ಕಡೆ ಮಳೆ ಅಳೆದ ಮನುಷ್ಯ ಭೂಮಿಯ ಮೇಲೆ ಅವರೊಬ್ಬರೇ ಇರಬೇಕು.

ಮತ್ತು ಮಳೆ ಬಂತು. ಮೊದಲ ದಿನ ಆರು ಸೆಂಟು. ಮರುದಿನ ಸೊನ್ನೆ. ಮೂರನೆಯ ದಿನ ಹದಿನಾಲ್ಕು.

ರಾಯರಿಗೆ ಹರೆಯ ಮರಳಿದಂತಾಯಿತು. ಪ್ರತಿದಿನ ಸ್ನಾನ, ಪೂಜೆ, ತಿಂಡಿ ಮುಗಿಸಿ ಒಂಬತ್ತಕ್ಕೆ ಜಾಡಿ ನೋಡಿ ರಿಜಿಸ್ಟರಿನಲ್ಲಿ ಬರೆದರು. ಪಕ್ಕದಲ್ಲಿ ಉಷ್ಣಾಂಶ, ಗಾಳಿಯ ದಿಕ್ಕು, ಚಂದ್ರನ ತಿಥಿ. ಯಾವುದಕ್ಕೂ ತಾಳೆಯಾಗಲಿಲ್ಲ. ತಿಂಗಳ ಕೊನೆಗೆ, ಮತ್ತೇನೂ ತೋಚದೆ, ಹಿಂದಿನ ಸಂಜೆ ಯಾರು ಬಂದಿದ್ದರು ಎಂದು ಇನ್ನೊಂದು ಕಾಲಮು ಎಳೆದರು. ಉಸಿರಿನ ತೇವದಿಂದ ಇರಬಹುದೇ ಎಂದು ಅವರ ಲೆಕ್ಕ. ನೆನಪಿನಿಂದ ಕಾಲಮು ತುಂಬಿದ ಮೇಲೆ ಪೆನ್ನು ಕೆಳಗಿಟ್ಟರು. ಯಾರೂ ಬಾರದ ದಿನಗಳ ಮುಂದೆ ಸೊನ್ನೆ. ಏಕಾಂತಯ್ಯನವರು ಮಾತ್ರ ಬಂದ ದಿನಗಳ ಮುಂದೆ ಆರು. ಬೋರಣ್ಣ ಬಂದ ದಿನಗಳ ಮುಂದೆಲ್ಲ ಹದಿನಾಲ್ಕು. ಒಂದು ಸೆಂಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂಥ ಶಿಸ್ತಿನ ಮಳೆಯನ್ನು ಅವರು ಸರ್ವೀಸಿನಲ್ಲೇ ಕಂಡಿರಲಿಲ್ಲ.

ಬುದ್ಧಿವಂತನಾದವನಿಗೆ ಇಷ್ಟು ಸಾಕಿತ್ತು. ರಾಯರು ವಿಜ್ಞಾನಿ, ಅವರಿಗೆ ಇನ್ನೂ ಪುರಾವೆ ಬೇಕಾಯಿತು. ಅದು ಮರುದಿನ ಸಂಜೆಯೇ ಸಿಕ್ಕಿತು. ಬೋರಣ್ಣನನ್ನು ಕಳಿಸಿಕೊಟ್ಟು ಬಾಗಿಲು ಹಾಕಲು ಹೋದವರ ಬಲಗಾಲು, ಅವನು ಎದ್ದ ಜಾಗದಲ್ಲೇ, ಹಲಗೆ ಮುರಿದುಕೊಂಡು ಮೊಣಕಾಲಿನವರೆಗೆ ಕೆಳಗಿಳಿಯಿತು. ಮರ ಲಡ್ಡು ಹಿಡಿದು ನೆನೆದ ರಸ್ಕಿನಂತಾಗಿತ್ತು. ಮಿಕ್ಕ ಕಡೆ ನೆಲ ಕಪ್ಪಾಗಿತ್ತೇ ಹೊರತು ಕೊಳೆತಿರಲಿಲ್ಲ. ಕೊಳೆತದ್ದು ಬೋರಣ್ಣ ಕೂರುತ್ತಿದ್ದ ಒಂದೂವರೆ ಅಡಿ ಜಾಗ ಮಾತ್ರ.

ಮಾರನೆಯ ದಿನ ರಾಯರು ಐದು ಗಂಟೆಗೇ ಎದ್ದರು. ಪ್ರತಿ ಬೆಳಗ್ಗೆ ಹೊದಿಕೆಯೊಳಗೆ ಕೇಳುತ್ತಿದ್ದ ಬಾವಿಯ ರಾಟೆಯ ಸದ್ದು ಅಂದೂ ಕೇಳಿಸಿತು. ಮನೆಯ ನೆಲ ಯಾವಾಗ ಒದ್ದೆಯಾಗುತ್ತದೆ, ಯಾವಾಗ ಒಣಗುತ್ತದೆ, ಯಾರು ತೊಳೆಯುತ್ತಾರೆ ಎಂದು ತಿಳಿಯುವ ಅಗತ್ಯವೇ ಬೀಳದೆ ಐವತ್ತೇಳು ವರ್ಷ ಕಳೆದ ಗಂಡಸು ಅವರು. ಹಿಂಬಾಗಿಲು ತೆರೆದು ನಿಂತಾಗ ಸೀತಾಲಕ್ಷ್ಮಿಯವರು ಒದ್ದೆ ಸೀರೆಯಲ್ಲಿ, ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದು ಕೈಯಲ್ಲಿ ಗೋಮಯ ಕದಡಿದ ಬಕೆಟ್ಟು ಹಿಡಿದು ಕುಟೀರದ ಒಳಗೆ ಹೋಗುತ್ತಿದ್ದರು. ಕುರ್ಚಿಯ ಕೆಳಗೆ ಅರ್ಧ ಬಕೆಟ್ಟು ಹೊಯ್ದರು. ಇನ್ನೊಂದು ಬಕೆಟ್ಟು ಸೇದಿ ತಂದು, ಬಾಗಿಲ ಪಕ್ಕಕ್ಕೆ, ಮುರಿದ ಹಲಗೆಯ ಸುತ್ತ, ಒಂದೂವರೆ. ಆಮೇಲೆ ಬಟ್ಟೆಯಲ್ಲಿ ನೀಟಾಗಿ ಒರೆಸಿದರು.

ರಾಯರು ಕೂಗಾಡಿದರು. ಆರು ತಿಂಗಳಿನಿಂದ ಡಾಂಬರು, ತಗಡು, ಚರಂಡಿ ಎಂದು ತಾನು ಒದ್ದಾಡುತ್ತಿದ್ದರೆ ಮನೆಯೊಳಗೇ ಮಾರಿಯಿತ್ತೇ ಎಂದರು. ಮಡಿಯಿಲ್ಲದ ಒಂದೇ ಒಂದು ಜಾಗ ಮಾಡಿಕೊಂಡಿದ್ದೆ, ಅದನ್ನೂ ಕೊಳೆಸಿದೆ ಎಂದರು. ಅವರಿಗೆ ನಿಜಕ್ಕೂ ಅಳು ಬರುವಷ್ಟು ನೋವಾಗಿತ್ತು. ಸೀತಾಲಕ್ಷ್ಮಿಯವರು ಬಟ್ಟೆ ಹಿಂಡಿ, ಕರಿಬೇವಿನ ಗಿಡದ ಬುಡಕ್ಕೆ ಮಿಕ್ಕ ನೀರು ಚೆಲ್ಲಿ, ಆಮೇಲೆ ಮಾತಾಡಿದರು.

"ನಾನು ನೆಲಕ್ಕೆ ಹಾಕಿದೆ. ನೀವು ಮೈಮೇಲೆ ಹಾಕ್ಕೊಂಡ್ರಿ. ಅಲ್ಲಿಂದ ಎದ್ದು ಬಂದು, ಬಚ್ಚಲಲ್ಲಿ ಎರಡು ತಂಬಿಗೆ ಹೊಯ್ಕೊಳ್ದೆ ಒಂದು ದಿನಾನಾದ್ರೂ ಅಡುಗೆಮನೆಗೆ ಬಂದಿದ್ದೀರಾ?"

ಸೆಖೆಗೆ, ಎಂದರು ರಾಯರು.

"ಜನವರೀಲೂ ಸೆಖೆನೇ? ಸರಿ ಬಿಡಿ. ಆ ಗಾಜಿನ ಲೋಟ ಕಿಟಕಿ ಹೊರಗೆ ಇಟ್ಟೋರು ಯಾರು? ನಾನು ಅದನ್ನ ಮುಟ್ಟಿಯೂ ಇಲ್ಲ."

ರಾಯರು ಲೋಟದ ಕಡೆ ನೋಡಿದರು. ಅದನ್ನು ಕೊಂಡವರು ಅವರೇ, ಇಟ್ಟವರು ಅವರೇ, ಕುಡಿದ ಮೇಲೆ ಬೋರಣ್ಣ ತಾನೇ ತೊಳೆದು ಬೋರಲು ಹಾಕುವುದನ್ನು ದಿನವೂ ನೋಡುತ್ತಿದ್ದವರೂ ಅವರೇ. ಸೀತಾಲಕ್ಷ್ಮಿಯವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ಸೊಂಟ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. ನೀವು ಬೇಡ ಅಂದರೆ ನಾಳೆಯಿಂದಲೇ ನಿಲ್ಲಿಸುತ್ತೇನೆ, ನನಗೂ ಎರಡು ಬಕೆಟ್ಟು ಸೇದುವ ಕಷ್ಟ ತಪ್ಪುತ್ತದೆ, ಆದರೆ ನೀವೂ ಬಚ್ಚಲಿಗೆ ಹೋಗದೆ ನೇರ ಒಳಗೆ ಬರಬೇಕು ಎಂದರು. ಹಟದಿಂದ ಹೇಳಿದ್ದಲ್ಲ, ಒಂದು ಒಪ್ಪಂದದ ಹಾಗೆ ಹೇಳಿದರು.

ಆ ಮಧ್ಯಾಹ್ನ ರಾಯರು ಛತ್ರಿ ಹಿಡಿದು ಯಡಿಯೂರಿಗೆ ನಡೆದರು. ಬೋರಣ್ಣನ ಮನೆಗೆ ಅವರು ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ ಒಂದು ಮಾತು ಕಟ್ಟಿಕೊಂಡಿದ್ದರು. ತಪ್ಪು ನಿನ್ನದಲ್ಲ ಎಂದು ಹೇಳಬೇಕು, ಏಕಾಂತಯ್ಯನವರಿಗೂ ಹೇಳುತ್ತೇನೆ ಎನ್ನಬೇಕು, ಇನ್ನು ಮೇಲೆ ಕುರ್ಚಿಯ ಮೇಲೇ ಕೂರಬೇಕು ಎಂದು ಒತ್ತಾಯಿಸಬೇಕು. ಬೋರಣ್ಣ ಜಗಲಿಯ ಮೇಲೆ ಕೂತು ಕೊಡಲಿಗೆ ಕಾವು ಹಾಕುತ್ತಿದ್ದ. ರಾಯರನ್ನು ಕಂಡು ಎದ್ದು, ಕಲ್ಲುಚಪ್ಪಡಿಯನ್ನು ಹೆಗಲ ವಸ್ತ್ರದಿಂದ ಒರೆಸಿದ. ಒಳಗಿನಿಂದ ಅವನ ಹೆಂಡತಿ ಬೈರಮ್ಮ ಇಣುಕಿ ನೋಡಿ ಹಿಂದೆ ಸರಿದಳು. ಬೋರಣ್ಣ ನೀರು ಬೇಕೇ, ಮಜ್ಜಿಗೆ ಬೇಕೇ ಎಂದು ಕೇಳಲಿಲ್ಲ. ಮೂಲೆಯಲ್ಲಿದ್ದ ಎಳನೀರೊಂದನ್ನು ತಂದು ರಾಯರ ಎದುರಿಗೇ ಕೆತ್ತಿ, ಕೈಗೆ ಕೊಟ್ಟ. ಎಳನೀರಿಗೆ ಲೋಟ ಬೇಕಿಲ್ಲ, ಯಾರ ಮನೆಯದನ್ನಾದರೂ ಯಾರಾದರೂ ಕುಡಿಯಬಹುದು. ರಾಯರಿಗೆ ಮನಸ್ಸು ಹಗುರಾಯಿತು. ಹಗುರಾಯಿತಲ್ಲ ಎಂದು ಮರುಕ್ಷಣವೇ ನಾಚಿಕೆಯಾಯಿತು.

ಕಟ್ಟಿಕೊಂಡು ಬಂದ ಮಾತು ಒಂದೂ ಹೊರಗೆ ಬರಲಿಲ್ಲ. ಹಲಗೆ ಮುರಿಯಿತು ಎಂದರು. ಎಲ್ಲಿ ಎಂದು ಬೋರಣ್ಣ ಕೇಳಲಿಲ್ಲ.

"ನಿನಗೆ ಮೊದಲೇ ಗೊತ್ತಿತ್ತಾ?" ಎಂದರು ರಾಯರು.

ಬೋರಣ್ಣ ಕೊಡಲಿಯ ಕಾವನ್ನು ತಿರುಗಿಸಿ ತಿರುಗಿಸಿ ನೋಡಿದ. "ನೀವು ಒಕ್ಕಲು ಬಂದ್ಮೇಲೂ ಮಿಕ್ಕಿದ್ ಕೆಲ್ಸಕ್ಕೆ ಆರು ತಿಂಗ್ಳು ನಿಮ್ಮನೆ ಜಗಲಿ ಮೇಲೆ ಕೂತಿದ್ದೆ ಸ್ವಾಮಿ. ಎದ್ದು ಹೊಂಟು ತಿರುಗಿ ನೋಡಿದ್ರೆ ಆ ಜಾಗ ಒದ್ದೆಯಾಗಿರೋದು. ಜಗಲಿ ಕಲ್ಲಿಂದು, ತಡ್ಕೊಳ್ತದೆ. ಮರ ತಡ್ಕೊಳಾಕಿಲ್ಲ. ಅದ್ಕೇ ವಾಟ ಕೇಳ್ದೆ."

ಹಾಗಾದರೆ ಯಾಕೆ ಹೇಳಲಿಲ್ಲ, ನಿನ್ನ ಕೆಲಸಕ್ಕೇ ಕೆಟ್ಟ ಹೆಸರು ಬಂತಲ್ಲ ಎಂದು ರಾಯರು ಕೇಳಬೇಕೆಂದಿದ್ದರು. ಕೇಳಲಿಲ್ಲ. ಹೇಳುವುದಾದರೂ ಹೇಗೆ, ಯಾರ ಮುಂದೆ ಎಂಬುದು ಅಷ್ಟು ಹೊತ್ತಿಗೆ ಅವರಿಗೂ ಅರ್ಥವಾಗಿತ್ತು.

"ಈಗ ಎರಡು ದಾರಿ ಐತೆ," ಎಂದ ಬೋರಣ್ಣ. "ನೀರು ಹುಯ್ಯೋದು ನಿಲ್ತದೆ ಅಂದ್ರೆ, ಮುಂಚಿನಂಗೇ ಮಟ್ಟವಾಗಿ ಹೊಡ್ಕೊಡ್ತೀನಿ, ಐವತ್ತು ವರ್ಷ ಬರ್ತದೆ. ನಿಲ್ಲಾಕಿಲ್ಲ ಅಂದ್ರೆ ವಾಟ ಕೊಡ್ತೀನಿ. ಯಾವುದು ಮಾಡ್ಲಿ ಸ್ವಾಮಿ?"

ಸಲೀಸಾದ ಪ್ರಶ್ನೆ. ಬಡಗಿ ಗಿರಾಕಿಯನ್ನು ಕೇಳುವ ಹಾಗೇ ಕೇಳಿದ, ಮುಖದಲ್ಲಿ ಬೇರೇನೂ ಇರಲಿಲ್ಲ. ರಾಯರು ಎಳನೀರನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದರು. ಸೀತಾಲಕ್ಷ್ಮಿ ನಿಲ್ಲಿಸುತ್ತೇನೆ ಎಂದಿದ್ದಾಳೆ. ತಾನು ಮಾಡಬೇಕಾದದ್ದು ಇಷ್ಟೇ, ಕುಟೀರದಿಂದ ಎದ್ದು, ಬಚ್ಚಲು ದಾಟಿ, ನೇರ ಒಳಗೆ ಹೋಗಿ ಎಲೆಯ ಮುಂದೆ ಕೂರಬೇಕು. ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ಮನಸ್ಸಿನಲ್ಲೇ ನಡೆದು ನೋಡಿದರು. ಬಚ್ಚಲ ಬಾಗಿಲಿಗೆ ಬಂದಾಗ ಕಾಲು ನಿಂತಿತು. ಇನ್ನೊಂದು ಸಲ ನಡೆದು ನೋಡಿದರು, ಮತ್ತೆ ಅಲ್ಲೇ ನಿಂತಿತು.

"ವಾಟ ಕೊಟ್ಟುಬಿಡು ಬೋರಣ್ಣ," ಎಂದರು. "ಎಷ್ಟಾದರೂ ಮಳೆ ದೇಶ."

"ಆಗ್ಲಿ ಸ್ವಾಮಿ," ಎಂದ ಬೋರಣ್ಣ.

ಹೊಸ ನೆಲ ಮೂರು ದಿನದಲ್ಲಿ ಮುಗಿಯಿತು. ರಾಯರ ಕುರ್ಚಿಯಿರುವ ಗೋಡೆಯಿಂದ ಬಾಗಿಲ ಕಡೆಗೆ ಎರಡಂಗುಲ ಇಳಿಜಾರು, ಹಲಗೆಗಳ ನಡುವೆ ಬತ್ತದ ಕಾಳಿನಷ್ಟು ಸಂದು. ಏಕಾಂತಯ್ಯನವರು ಬಂದು ನೋಡಿ ಭೇಷ್ ಎಂದರು. ದೋಷ ಮರದ್ದಲ್ಲ, ಕೆಲಸದ್ದೂ ಅಲ್ಲ ಎಂದು ರಾಯರು ಅವರಿಗೆ ಹೇಳಿದ್ದೇನೋ ನಿಜ. ಮತ್ತೆ ಯಾವುದರದು ಎಂದು ಅವರು ಕೇಳಿದಾಗ, ಹವಾಮಾನದ್ದು ಎಂದರು. ರಾಮಪ್ರಸಾದನ ಮನೆಗೆ ಅಷ್ಟು ಹೊತ್ತಿಗೆ ಬಾಗಿಲು ಕಿಟಕಿಗಳೆಲ್ಲ ಕೂತಾಗಿತ್ತು.

ಕೆಲಸ ಮುಗಿದ ಸಂಜೆ ರಾಯರು ಬೋರಣ್ಣನಿಗೆ ಕುರ್ಚಿ ತೋರಿಸಿ, ಕೂತುಕೊಳ್ಳಿ ಎಂದರು. ಅವನು ಬಾಗಿಲ ಪಕ್ಕ, ಎಂದಿನ ಜಾಗದಲ್ಲೇ ಕೂತು ಕಾಫಿ ಕುಡಿದ. ಎದ್ದು ಹೋಗಿ ಗಾಜಿನ ಲೋಟ ತೊಳೆದ. ಆದರೆ ಅದನ್ನು ಬೋರಲು ಹಾಕಲಿಲ್ಲ. ಬಾವಿಕಟ್ಟೆಯ ತೊಟ್ಟಿಯಿಂದ ಅದರ ತುಂಬ ನೀರು ತುಂಬಿಕೊಂಡು ಒಳಗೆ ಬಂದ. ವಾಟ ಸರಿ ಬಂದಿದೆಯೇ ಎಂದು ನೀರು ಹೊಯ್ದು ನೋಡುವುದು ಕಸುಬಿನವರ ಪದ್ಧತಿ, ಎಲ್ಲರೂ ಮಾಡುವುದೇ. ಬಗ್ಗಿ, ತಾನು ಆಗಷ್ಟೇ ಎದ್ದ ಜಾಗದ ಮೇಲೆ, ನಿಧಾನವಾಗಿ ಪೂರ್ತಿ ಲೋಟ ಹೊಯ್ದ.

ನೀರು ಎಲ್ಲೂ ನಿಲ್ಲದೆ, ಹಲಗೆಯ ಮೇಲೆ ಜಾರಿ, ಸಂದುಗಳಿಂದಲೂ ಹೊಸ್ತಿಲ ಕೆಳಗಿನಿಂದಲೂ ಹೊರಗೆ ಹೋಯಿತು.

"ನೋಡಿ ಸ್ವಾಮಿ," ಎಂದ ಬೋರಣ್ಣ. "ಇನ್ನು ನಾನು ಬಂದ್ರೂ ಏನೂ ಆಗಾಕಿಲ್ಲ."